ಮಿಷನ್ ಈ ಕಡೆ, ಕತ್ತರಿ ಆ ಕಡೆ

೧೮ ನವೆಂಬರ್ ೨೦೨೪, ಸೋಮವಾರ

ಗೋಡೆ ಇವತ್ತು ಮುಗಿಯಿತು. ಪಡಸಾಲೆಯ ನಟ್ಟನಡುವೆ ಎದ್ದು ನಿಂತಿದೆ. ಗೌಂಡಿ ಕೈ ತೊಳೆದುಕೊಳ್ಳುತ್ತ, "ಗ್ವಾಡಿ ಭಾರೀ ಗಟ್ಟಿ ಆಗೇತ್ರಿ ಅಕ್ಕಾರ" ಎಂದು ತನ್ನನ್ನು ತಾನೇ ಹೊಗಳಿಕೊಂಡ. ನಿನ್ನ ಗೋಡೆಗಿಷ್ಟು ಬೆಂಕಿ ಹಚ್ಚಲಿ ಎಂದು ಮನಸ್ಸಿನಲ್ಲಿ ಅಂದುಕೊಂಡು ಅವನಿಗೆ ಚಹಾ ಕೊಟ್ಟೆ.

ನಾನು ಮದುವೆಯಾಗಿ ಸುರೇಬಾನಕ್ಕೆ ಬಂದಾಗಿನಿಂದ ಈ ಪಡಸಾಲೆಯಲ್ಲೇ ಕೂತು ನಾವಿಬ್ಬರೂ ಚೀಲ ಹೊಲಿದವರು. ನಾನು ಮತ್ತು ರಾಚಕ್ಕ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಕತ್ತರಿಸುವುದು ಅವಳದು, ಹೊಲಿಯುವುದು ನನ್ನದು. ಅವಳು ಟೇಪು ಹಿಡಿದದ್ದನ್ನು ನಾನು ಕಂಡಿಲ್ಲ. ಗೇಣು ಹಾಕುತ್ತಿದ್ದಳು, ಬೆರಳಿಡುತ್ತಿದ್ದಳು, ಕಚಕ್ಕನೆ ಕತ್ತರಿ ಆಡಿಸಿ ನನ್ನ ಕಡೆ ಒಗೆಯುತ್ತಿದ್ದಳು. ನಾನು ಕಣ್ಣು ಮುಚ್ಚಿ ಹೊಲಿದರೂ ತುಂಡಿಗೆ ತುಂಡು ಕೂಡುತ್ತಿತ್ತು.

ಅಣ್ಣತಮ್ಮಂದಿರು ಪಾಲಾಗುತ್ತೇವೆ ಎಂದರು. ಹಿರಿಯರು ಬಂದು ಕೂತು ಹೊಲ ಹಂಚಿದರು, ಎಮ್ಮೆ ಹಂಚಿದರು, ಹಿತ್ತಾಳೆ ಕೊಡ ಹಂಚಿದರು. ಕೊನೆಗೆ ನಮ್ಮ ಮೂಲೆಗೆ ಬಂದು, "ಮಿಷನ್ ಸಣ್ಣಾಕಿಗೆ. ಕಟಿಂಗ್ ಟೇಬಲ್ಲು, ಕತ್ತರಿ ದೊಡ್ಡಾಕಿಗೆ. ಬರೋಬ್ಬರಿ ಆತ ನೋಡ್ರಿ" ಎಂದರು. ಒಬ್ಬನಿಗೆ ಚಕ್ಕಡಿ, ಒಬ್ಬನಿಗೆ ಎತ್ತು ಕೊಟ್ಟ ಹಾಗೆ. ಅಕ್ಕ ಏನಾದರೂ ಹೇಳಲಿ ಎಂದು ನಾನು ಅವಳ ಮುಖ ನೋಡಿದೆ. ನಾನು ಏನಾದರೂ ಹೇಳಲಿ ಎಂದು ಅವಳು ನನ್ನ ಮುಖ ನೋಡಿದಳು. ಹಿರಿಯರು ಉಂಡು ಹೋದರು.

ನಮ್ಮವರು ಸಕ್ಕರೆ ಕಾರ್ಖಾನೆಯ ಸೀಜನ್ ಕೆಲಸಕ್ಕೆ ಹೋಗಿದ್ದಾರೆ. ಮಗಳು ರೇಣು ಬೈಲಹೊಂಗಲದ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಮಾತಾಡಲು ಯಾರೂ ಇಲ್ಲದ್ದಕ್ಕೆ ಬರೆಯುತ್ತಿದ್ದೇನೆ, ಮತ್ತೇನಿಲ್ಲ.

೨೨ ನವೆಂಬರ್

ಬೆಳಿಗ್ಗೆ ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ. ನಾನೂ ಹಿಟ್ಟು ನಾದಿ ಕೂತೆ. ಅವಳದು ನಿಂತಿತು, ನನ್ನದೂ ನಿಂತಿತು. ಮತ್ತೆ ಶುರುವಾಯಿತು. ಒಬ್ಬಳಿಗೆ ಎಷ್ಟು ರೊಟ್ಟಿ ಬೇಕು? ಬಡಿಯುತ್ತಲೇ ಇದ್ದೆ. ಈಗ ಉಳಿದದ್ದನ್ನು ಎಮ್ಮೆಗೆ ಹಾಕಬೇಕು.

ನಮ್ಮವರು ಫೋನ್ ಮಾಡಿದ್ದರು. "ಇವತ್ತ ಅಣ್ಣ ಕಬ್ಬಿನ ಗಾಡಿ ಕೂಡ ಬಂದಿದ್ದ. ಇಬ್ರೂ ಕೂಡಿ ಚಾ ಕುಡದ್ವಿ" ಎಂದರು, ಏನೂ ಆಗಿಯೇ ಇಲ್ಲ ಎಂಬಂತೆ. ನನ್ನ ಮೈ ಉರಿದುಹೋಯಿತು. ಪಾಲು ಬೇಕೆಂದು ಕುಣಿದವರು ಇವರು. ಈಗ ಕೂಡಿ ಚಹಾ ಕುಡಿಯುವವರೂ ಇವರೇ. ಗೋಡೆ ಕಾಯುತ್ತ ಕೂತವರು ನಾವು. "ಅಷ್ಟ ಅಕ್ಕರತಿ ಇದ್ರ ಗ್ವಾಡಿ ಯಾಕ ಕಟ್ಟಿಸಿದ್ರಿ?" ಎಂದೆ. "ನೀ ಹೋಗಿ ಮಾತಾಡು, ಯಾರು ಬ್ಯಾಡಂದ್ರು?" ಎಂದರು.

ಹೋಗುವುದು ಇವರಿಗೆ ಸಸಾರ. ನಾನು ಈಗ ಹೋದರೆ ಅಕ್ಕ ಏನೆಂದುಕೊಳ್ಳುತ್ತಾಳೆ? ಕತ್ತರಿಸುವವರಿಲ್ಲದೆ ಗತಿ ಕೆಟ್ಟು ಬಂದಳು ಎಂದುಕೊಳ್ಳುತ್ತಾಳೆ. ಅವಳನ್ನು ನೋಡಬೇಕೆಂದು ಜೀವ ಚಡಪಡಿಸುತ್ತದೆ, ಆದರೆ ಕತ್ತರಿಗಾಗಿ ಬಂದವಳು ಎನ್ನಿಸಿಕೊಂಡು ನಾನು ಆ ಹೊಸ್ತಿಲು ದಾಟುವುದಿಲ್ಲ.

೨೭ ನವೆಂಬರ್

ಉಗರಗೋಳದ ಮುತ್ತಪ್ಪ ಫೋನ್ ಮಾಡಿದ. ಎಲ್ಲಮ್ಮನ ಗುಡ್ಡದ ಬುಡದಲ್ಲಿರುವ ಅವನ ಅಂಗಡಿಗೇ ನಮ್ಮ ಚೀಲಗಳು ಹೋಗುವುದು. "ಬನದ ಹುಣ್ಣಿಮಿ ಜಾತ್ರಿಗೆ ಮಾಲು ಬೇಕ್ರಿ ಅಕ್ಕಾರ. ಎಲ್ಲಾ ಒಂದ ಅಳತಿ ಇರಬೇಕು. ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ" ಎಂದ. ಆಗುತ್ತದೆ ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಹೀಗೆಯೇ, ತಲೆಗಿಂತ ಮುಂದೆ ಓಡುತ್ತದೆ.

ಹೊಸ ಕತ್ತರಿ ತಂದೆ. ಅಕ್ಕನ ಹಾಗೆಯೇ ಗೇಣು ಹಾಕಿದೆ, ಬೆರಳಿಟ್ಟೆ. ಬಟ್ಟೆಯನ್ನು ಮುಂದಿಟ್ಟುಕೊಂಡು ದೇವರನ್ನೂ ನೆನೆದೆ. ಒಂದು ಬದಿ ಉದ್ದ, ಒಂದು ಬದಿ ಗಿಡ್ಡ. ಸರಿ ಮಾಡಲು ಹೋಗಿ ಮತ್ತಿಷ್ಟು ಕತ್ತರಿಸಿದೆ. ಗಿಡ್ಡ ಇದ್ದದ್ದು ಉದ್ದವಾಯಿತು, ಉದ್ದ ಇದ್ದದ್ದು ಗಿಡ್ಡವಾಯಿತು. ಕೊನೆಗೆ ಉಳಿದದ್ದು ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆಗೆ ಸಾಕು.

ಒಳ್ಳೆಯ ಬಟ್ಟೆ ಅದು. ಅದನ್ನು ಮಡಚಿ ಕೂತು ಅತ್ತೆ. ಸಪ್ಪಳ ಆಚೆಗೆ ಕೇಳದಿರಲಿ ಎಂದು ಸೆರಗು ಬಾಯಿಗಿಟ್ಟುಕೊಂಡೆ.

೨೮ ನವೆಂಬರ್

ಮಿಷನ್ ಮುಟ್ಟಲಿಲ್ಲ. ದಿನವಿಡೀ ಮಾತಾಡಿದ್ದು ಹಾಲು ಒಯ್ಯುವವನ ಜೊತೆ ಮಾತ್ರ. ಅದೂ ಜಗಳ.

೧ ಡಿಸೆಂಬರ್, ಭಾನುವಾರ

ರೇಣು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ನಕ್ಕಳು. "ಅವ್ವಾ, ಪ್ಯಾಟರ್ನ್ ತಗೊ. ಚೀಲದ ಎಲ್ಲಾ ತುಂಡಿನ ಅಳತಿ ಕಾಗದದ ಮ್ಯಾಲ ಬರದಿರತೈತಿ. ಕಾಗದ ಇಟ್ಟು ಕತ್ತರಸೂದಷ್ಟ" ಎಂದಳು. ಧಾರವಾಡದ ಅನ್ನಪೂರ್ಣಾ ಎಂಬವರು ಅಂಥವನ್ನು ಮಾಡಿ ಫೋನಿನಲ್ಲೇ ಮಾರುತ್ತಾರಂತೆ, ಹೊಲಿಯುವ ರೀತಿಯನ್ನೂ ಕನ್ನಡದಲ್ಲಿ ಬರೆದು ಕಳಿಸುತ್ತಾರಂತೆ.

"ಕಾಗದಕ್ಕ ರೊಕ್ಕ ಕೊಡಬೇಕ? ನಿನಗೇನ್ ತಲಿ ನೆಟ್ಟಗೈತಿಲ್ಲ?" ಎಂದೆ.

"ನೀ ಹಾಳ ಮಾಡಿದ ಬಟ್ಟಿಗಿಂತ ಕಾಗದ ಸೋವಿ ಐತಿ ತಗೊ" ಎಂದಳು. ಈ ಹುಡುಗಿಯ ಬಾಯಿ ಯಾರ ಹಾಗೆ ಬಂದಿದೆಯೋ.

ಹ್ಞೂಂ ಎಂದೆ. ಅಕ್ಕನ ಹಂಗಿಲ್ಲದೆ ಹೊಲಿದು ತೋರಿಸಿಬಿಡುತ್ತೇನೆ, ಅಷ್ಟೇ ನನಗೆ ಬೇಕಾದದ್ದು.

೫ ಡಿಸೆಂಬರ್

ಬಸ್ಸಿನಲ್ಲಿ ರಾಮದುರ್ಗಕ್ಕೆ ಹೋಗಿ ಲಕ್ಷ್ಮಣನ ಝೆರಾಕ್ಸ್ ಅಂಗಡಿಯಲ್ಲಿ, ರೇಣು ಕೊಂಡು ಫೋನಿಗೆ ಕಳಿಸಿದ ಪ್ಯಾಟರ್ನನ್ನು ಕಾಗದಕ್ಕೆ ತೆಗೆಸಿಕೊಂಡು ಬಂದೆ. ಹಾಳೆಗಳನ್ನು ಒಂದಕ್ಕೊಂದು ಗಂಜಿಯಿಂದ ಅಂಟಿಸಿದೆ. ನೆಲದ ತುಂಬ ಚೀಲ ಬಿಚ್ಚಿ ಮಲಗಿದಂತೆ ಕಾಣಿಸಿತು: ಇದು ಮೈ, ಇದು ತಳ, ಇದು ಅಸ್ತರ, ಇದು ಹಿಡಿಕೆ. ಎಷ್ಟು ಬಟ್ಟೆ ಬೇಕೆಂದು ಮೇಲೆಯೇ ಬರೆದಿದೆ. ಅಂಚಿನಲ್ಲಿ ಸಣ್ಣ ಸಣ್ಣ ಮೂರು ಮೂಲೆಯ ಗುರುತುಗಳಿವೆ, ಇದರ ಗುರುತು ಅದರ ಗುರುತಿಗೆ ಕೂಡಬೇಕು. ಹೀಗೆ ಹೊಲಿದ ಚೀಲಗಳನ್ನು ನೀವು ಮಾರಬಹುದು, ಪ್ಯಾಟರ್ನನ್ನು ಮಾತ್ರ ಮಾರಬೇಡಿ ಎಂದೂ ಬರೆದಿದ್ದಾರೆ. ಒಳ್ಳೆಯ ಹೆಂಗಸು.

ಹೊಲಿಯುವ ರೀತಿಯನ್ನು ದೊಡ್ಡದಾಗಿ ಓದಿಕೊಂಡೆ. ಒಂದು ಕಡೆ ಹೀಗಿತ್ತು: "ಮೂಲೆಗೆ ಬಂದಾಗ ಅವಸರ ಮಾಡಬೇಡಿ. ಸೂಜಿ ಕೆಳಗೇ ಇರಲಿ. ಮಿಷನ್ನಿನ ಪಾದ ಎತ್ತಿ, ಬಟ್ಟೆ ತಿರುಗಿಸಿ. ಈಗ ಚೀಲ ವಿಚಿತ್ರವಾಗಿ ಕಾಣಬಹುದು. ಗಾಬರಿಯಾಗಬೇಡಿ, ಸರಿಹೋಗುತ್ತದೆ."

"ಆತ್ರಿ, ಗಾಬರಿ ಆಗೂದಿಲ್ಲ" ಎಂದು ಕಾಗದಕ್ಕೆ ಉತ್ತರ ಕೊಟ್ಟೆ. ಆಮೇಲೆ ನನಗೇ ನಗು ಬಂತು. ಆದರೆ ಇಷ್ಟು ದಿನದಲ್ಲಿ ಹೀಗೆ ಸಮಾಧಾನದಿಂದ ನನಗೆ ಯಾರೂ ಏನೂ ಹೇಳಿರಲಿಲ್ಲ.

೮ ಡಿಸೆಂಬರ್

ಚೀಲ ಮುಗಿಯಿತು. ನೋಡಲು ಚೆಂದವಿದೆ. ಒಳಗೆ ಎರಡು ತೆಂಗಿನಕಾಯಿ ಹಾಕಿದರೆ ಬಾಯಿಯ ಚೈನು ಮುಚ್ಚುವುದಿಲ್ಲ. ಕಾಗದದ ಮೇಲೆ ಬರೆದ ಅಳತೆಗಿಂತ ಎಲ್ಲ ಕಡೆಯೂ ಚಿಕ್ಕದು. ಇದು ಆ ಲಕ್ಷ್ಮಣನದೇ ಕೆಲಸ. ಕಾಗದ ಉಳಿಸಲು ಸಣ್ಣದು ಮಾಡಿ ತೆಗೆದಿದ್ದಾನೆ. ನಾಳೆ ಹೋಗಿ ಅವನ ಗ್ರಹಚಾರ ಬಿಡಿಸುತ್ತೇನೆ.

೯ ಡಿಸೆಂಬರ್

ಬಿಡಿಸಿದೆ. ಅಂಗಡಿಯ ತುಂಬ ಕಾಲೇಜು ಹುಡುಗಿಯರು ನಿಂತಿರುವಾಗಲೇ ಬಿಡಿಸಿದೆ. ಲಕ್ಷ್ಮಣ ಪಾಪ, ಎಲ್ಲ ಕೇಳಿಸಿಕೊಂಡು, "ಕುಂದರ್ರಿ ಅಕ್ಕಾರ, ನೀರ ಕುಡೀರಿ" ಎಂದ. ಆಮೇಲೆ ಪ್ಯಾಟರ್ನಿನ ಮೂಲೆಯಲ್ಲಿದ್ದ ಸಣ್ಣ ಚೌಕದ ಮೇಲೆ ಅಳತೆಪಟ್ಟಿ ಇಟ್ಟು ತೋರಿಸಿದ. ಚೌಕ ಒಂದಿಂಚು ಇರಬೇಕು, ಅಷ್ಟಿದ್ದರೆ ಉಳಿದದ್ದೆಲ್ಲ ಸರಿ ಎಂದು ಪಕ್ಕದಲ್ಲೇ ಬರೆದಿತ್ತು. ಒಂದಿಂಚೇ ಇತ್ತು.

"ನನ್ನ ಮಿಷನ್ ಬರೋಬ್ಬರಿ ಐತ್ರಿ. ನಿಮ್ಮ ಮಿಷನ್ ನೋಡಿಕೊಳ್ರಿ" ಎಂದ. ಹುಡುಗಿಯರು ಕಿಸಿಕಿಸಿ ನಕ್ಕರು.

ಮನೆಗೆ ಬಂದು ಚೀಲವನ್ನು ಒಳಹೊರಗು ಮಾಡಿ ಹೊಲಿಗೆ ನೋಡಿದೆ. ಆಗ ತಿಳಿಯಿತು. ಈ ಪ್ಯಾಟರ್ನಿನಲ್ಲಿ ಹೊಲಿಗೆಗೆಂದು ಅಂಚಿನಲ್ಲಿ ಬಿಟ್ಟದ್ದು ಅರ್ಧ ಬೆರಳಿನಷ್ಟು. ನಾನು ಒಂದು ಬೆರಳು ಒಳಗೆ ಹೊಲಿದಿದ್ದೇನೆ. ಒಂದು ಬೆರಳು ಬಿಟ್ಟು ಕತ್ತರಿಸುತ್ತಿದ್ದವಳು ಅಕ್ಕ. "ಒಂದು ಬಟ್ಟು ಬಿಟ್ಟೇನಿ ನೋಡ" ಎಂದು ಅವಳು ದಿನಾ ಹೇಳುತ್ತಿದ್ದಳು, ಆ ಮಾತು ನನ್ನ ಕೈಯಲ್ಲೇ ಕೂತಿದೆ. ಗೋಡೆ ಎದ್ದರೂ ಈ ಕೈಗಳು ಇನ್ನೂ ಅವಳ ಕಟಿಂಗನ್ನೇ ಹೊಲಿಯುತ್ತಿವೆ.

ಹೊಲಿಗೆ ಬಿಚ್ಚಲು ಮನಸ್ಸು ಬರಲಿಲ್ಲ. ಹಾಗೇ ಎತ್ತಿಟ್ಟೆ.

೧೪ ಡಿಸೆಂಬರ್

ಆಯಿತು! ಮಿಷನ್ನಿನ ಪಾದದ ಪಕ್ಕ ಒಂದು ಬಣ್ಣದ ಪಟ್ಟಿ ಅಂಟಿಸಿಕೊಂಡು, ಅದರ ಗುಂಟ ಬಟ್ಟೆ ಓಡಿಸಿ, ಅರ್ಧ ಬೆರಳಿಗೇ ಹೊಲಿದೆ. ಗುರುತಿಗೆ ಗುರುತು ಕೂಡಿತು. ತಳ ಪೆಟ್ಟಿಗೆಯ ಹಾಗೆ ನೆಟ್ಟಗೆ ಕೂತಿತು. ಕಾಯಿ ಹಾಕಿದೆ, ಕುಂಕುಮದ ಡಬ್ಬಿ ಹಾಕಿದೆ, ನೀರಿನ ಬಾಟಲಿ ಹಾಕಿದೆ, ಚೈನು ಸರ್ರನೆ ಮುಚ್ಚಿತು. ಮತ್ತೊಂದು ಹೊಲಿದೆ. ಅದೂ ಇದೇ ಅಳತೆ, ಅಕ್ಕತಂಗಿಯರ ಹಾಗೆ.

ಕಾಗದಕ್ಕೆ ರೊಕ್ಕ ಯಾಕೆ ಎಂದವಳು ನಾನೇ. ಈಗ ಹೇಳುತ್ತೇನೆ: ತಪ್ಪಿದರೆ ಕಾಗದದ ಮೇಲೆ ತಪ್ಪಬಹುದು, ಬಟ್ಟೆ ಉಳಿಯುತ್ತದೆ. ಒಮ್ಮೆ ತೆಗೆದುಕೊಂಡರೆ ಎಷ್ಟು ಚೀಲವಾದರೂ ಹೊಲಿಯಬಹುದು. ಯಾರನ್ನೂ ಕೇಳಬೇಕಾಗಿಲ್ಲ. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಎದುರು ಮನೆಯ ರಾಮವ್ವ ಕಡ್ಡಿಪೆಟ್ಟಿಗೆ ಕೇಳಲು ಬಂದವಳು ನೆಲದ ಮೇಲಿನ ಕಾಗದ ನೋಡಿ, "ಇದೇನ್ ಮನಿ ಕಟ್ಟೂ ನಕಾಶಿ ಏನ?" ಎಂದು ಕೇಳಿದಳು. ಚೀಲದ್ದು ಎಂದೆ. ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದಳು.

ರೇಣುಗೆ ಫೋಟೋ ಕಳಿಸಿದೆ. ಸೂಪರ್ ಅವ್ವಾ ಎಂದು ಬರೆದಳು. ಫೋನು ಕೆಳಗಿಟ್ಟು ಚೀಲವನ್ನು ಗೋಡೆಗೆ ಒರಗಿಸಿ ಬಹಳ ಹೊತ್ತು ನೋಡುತ್ತ ಕೂತೆ. ಅಕ್ಕ ಇದ್ದಿದ್ದರೆ ಇದರಲ್ಲಿ ಏನಾದರೂ ಒಂದು ತಪ್ಪು ಹುಡುಕುತ್ತಿದ್ದಳು.

೩೦ ಡಿಸೆಂಬರ್, ಎಳ್ಳಮಾಸಿ

ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲಿ, ಉಂಡು ಬಂದೆವು. ನಮ್ಮವರು ಬಂದಿದ್ದರು, ರೇಣುವೂ ಬಂದಿದ್ದಳು. ಹೋದ ವರ್ಷ ಒಂದೇ ಹೊಲ, ಒಂದೇ ಜಮಖಾನೆ. ಈ ವರ್ಷ ಹೊಲದ ನಡುವೆ ಹೊಸ ಬದು. ನಾವು ಈಚೆ ಕೂತೆವು, ಅವರು ಆಚೆ ಕೂತರು. ಬೇಕಿದ್ದರೆ ಕೈ ಚಾಚಿ ಪಲ್ಯ ನೀಡಬಹುದಿತ್ತು.

ಶೇಂಗಾ ಹೋಳಿಗೆ ಯಾವಾಗಲೂ ಅಕ್ಕನ ಕೆಲಸ, ಎಣ್ಣೆಗಾಯಿ ನನ್ನ ಕೆಲಸ. ಈ ಸಲ ನಾನೇ ಮಾಡಿದ ಹೋಳಿಗೆ ಎಲ್ಲ ಹರಿದವು. ಅವಳ ಎಣ್ಣೆಗಾಯಿ ಹೇಗಾಗಿತ್ತೋ ಗೊತ್ತಿಲ್ಲ. ಅಣ್ಣತಮ್ಮಂದಿರು ಉಂಡವರೇ ಎದ್ದು ಒಂದೇ ಬೇವಿನ ಗಿಡದ ಕೆಳಗೆ ಅಡಿಕೆ ಹಾಕಿಕೊಂಡು ನಗುತ್ತ ಕೂತರು. ರೇಣು ಬದು ಜಿಗಿದು ದೊಡ್ಡವ್ವನ ತಾಟಿನಲ್ಲೂ ಉಂಡು ಬಂದಳು. ಕೂಡಿ ಉಣ್ಣಲು ಬರದವರು ನಾವಿಬ್ಬರೇ.

ಅಕ್ಕ ಬುತ್ತಿ ತಂದಿದ್ದ ಚೀಲ ನೋಡಿದೆ. ಅವಳದೇ ಕಟಿಂಗ್, ದೂರದಿಂದಲೇ ಗೊತ್ತಾಗುತ್ತದೆ. ಹೊಲಿಗೆ ಮಾತ್ರ ದೇವರಿಗೇ ಪ್ರೀತಿ. ರಾಮದುರ್ಗದ ಯಾವನೋ ದರ್ಜಿಯ ಕಡೆ ಹೊಲಿಸುತ್ತಾಳಂತೆ. ಹಿಡಿಕೆಯ ಬುಡದಲ್ಲಿ ದಾರ ಬಿಚ್ಚಿಕೊಂಡು ಜೋತಾಡುತ್ತಿತ್ತು. ನನ್ನ ಕೈ ಕಡಿಯಿತು. ಅಲ್ಲೇ ಕಿತ್ತುಕೊಂಡು ನಾಲ್ಕು ಟಾಕು ಹಾಕಿಬಿಡಬೇಕು ಎನ್ನಿಸಿತು. ನಾನು ನೋಡುತ್ತಿರುವುದು ಅವಳಿಗೆ ತಿಳಿಯಿತು. ಚೀಲವನ್ನು ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡಳು.

ಸೊರಗಿದ್ದಾಳೆ.

೮ ಜನವರಿ ೨೦೨೫

ಮುತ್ತಪ್ಪನ ಮಾಲು ಕೊಟ್ಟು ಬಂದೆ. ಒಂದರ ಮೇಲೊಂದು ಇಟ್ಟು ನೋಡಿದ. "ಒಂದ ಅಚ್ಚಿನ್ಯಾಗ ತಗದಂಗ ಅದಾವಲ್ರಿ! ದೊಡ್ಡ ಅಕ್ಕಾರ ಕತ್ತರಿಸ್ಯಾರ ಏನ?" ಎಂದ.

"ನಾನ ಕತ್ತರಿಸೇನಿ" ಎಂದೆ. ಈ ಮಾತನ್ನು ಹೇಳಬೇಕೆಂದು ಎಷ್ಟು ದಿನದಿಂದ ಕಾಯ್ದಿದ್ದೆ. ಹೇಳಿದ ಮೇಲೆ ಏನೂ ಅನ್ನಿಸಲಿಲ್ಲ. ಮುತ್ತಪ್ಪ ಆಗಲೇ ಬೇರೆ ಗಿರಾಕಿಯ ಕಡೆ ತಿರುಗಿದ್ದ.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು. ಮೊದಲೆಲ್ಲ ಮಾಲು ಕೊಟ್ಟು ಬರುವಾಗ ಅಕ್ಕ ಆ ಸೀಟಿನಲ್ಲಿ ಕೂತು ಚುರಮುರಿ ತಿನ್ನುತ್ತ ದಾರಿಯುದ್ದಕ್ಕೂ ಕಂಡಕಂಡವರ ಚೀಲಕ್ಕೆ ತಪ್ಪು ಹುಡುಕಿ ಹೆಸರಿಡುತ್ತಿದ್ದಳು. ಇವತ್ತು ನಾನೊಬ್ಬಳೇ ಚುರಮುರಿ ಕೊಂಡೆ, ಅರ್ಧ ತಿಂದು ಕಟ್ಟಿಟ್ಟೆ.

ಇನ್ನು ನನಗೆ ಅವಳ ಕತ್ತರಿ ಬೇಡ. ಹಾಗಾದರೆ ಈಗ ಹೋಗಬಹುದಲ್ಲ? ಗತಿ ಕೆಟ್ಟು ಬಂದಳು ಎನ್ನಲು ಬರುವುದಿಲ್ಲ. ಅದನ್ನೇ ಯೋಚಿಸುತ್ತ ಮನೆಯ ತನಕ ಬಂದೆ. ಬಾಗಿಲಲ್ಲಿ ಇನ್ನೊಂದು ಹೊಳೆಯಿತು. ಈಗ ಹೋದರೆ, ನೀನಿಲ್ಲದೆಯೂ ನಡೆಯುತ್ತದೆ ಎಂದು ಮೆರೆಯಲು ಬಂದಳು ಎನ್ನುತ್ತಾಳೆ. ಆಗ ಒಂದು ಅಡ್ಡಿ, ಈಗ ಇನ್ನೊಂದು. ಥೂ ನನ್ನ ಬಾಳುವೆಯೇ!

೧೯ ಜನವರಿ

ಮೂರು ದಿನ ಜ್ವರ. ಮಿಷನ್ ಮುಚ್ಚಿಯೇ ಇತ್ತು.

ಇವತ್ತು ರಾಮವ್ವ ಗಂಜಿ ತಂದುಕೊಟ್ಟಳು. ಇದ್ದಕ್ಕಿದ್ದಂತೆ ಇಷ್ಟು ಕರುಣೆ ಯಾಕೆ ಎಂದು ಕೇಳಿದ್ದಕ್ಕೆ ಮೊದಲು ಏನೇನೋ ಹೇಳಿದಳು. ಆಮೇಲೆ ತಡೆಯಲಾಗದೆ, "ನಿಮ್ಮಕ್ಕನ ಮಾಡಿ ಕೊಟ್ಟಾಳವ್ವಾ. ಹೇಳಬ್ಯಾಡ ಅಂದಾಳ. ಮಿಷನ್ ಸಪ್ಪಳ ಬರವಲ್ದು, ನಾಗಿಗೆ ಏನಾಗೇತಿ ನೋಡಿ ಬಾ, ನೋಡಿ ಬಾ ಅಂತ ನಿನ್ನಿಯಿಂದ ನನ್ನ ಜೀವಾ ತಿನ್ನಾಕ ಹತ್ತ್ಯಾಳ" ಎಂದಳು.

ನನ್ನ ಮಿಷನ್ನಿನ ಸಪ್ಪಳ ಕೇಳುತ್ತ ಕೂತಿರುತ್ತಾಳಂತೆ. ಕತ್ತರಿಸಿಟ್ಟ ತುಂಡುಗಳು ಅವಳ ಟೇಬಲ್ಲಿನ ಮೇಲೆ ರಾಶಿ ಬಿದ್ದಿವೆಯಂತೆ. ಆ ದರ್ಜಿಯ ಹೊಲಿಗೆ ಸರಿಬರದೆ ಅವನನ್ನೂ ಬಿಡಿಸಿದ್ದಾಳಂತೆ.

ಗಂಜಿಗೆ ಉಪ್ಪು ಹೆಚ್ಚಾಗಿತ್ತು. ಅಕ್ಕನ ಗಂಜಿ ಯಾವಾಗಲೂ ಹಾಗೆಯೇ. ಪೂರಾ ಕುಡಿದೆ.

೨೬ ಜನವರಿ, ಭಾನುವಾರ

ಹೋಗಿಬಂದೆ.

ಬೆಳಿಗ್ಗೆ ಸ್ನಾನ ಮಾಡಿ ಕೂತಾಗ ಏನು ಹೇಳಬೇಕೆಂದು ಹೊಳೆಯಿತು. ನನಗೆ ಕಟಿಂಗ್ ಬರುವುದಿಲ್ಲ ಎಂದು ಹೇಳಿಬಿಡುವುದು. ಸುಳ್ಳು, ಆಗಲಿ. ಗತಿ ಕೆಟ್ಟು ಬಂದಳು ಎಂದುಕೊಂಡರೆ ಎಂದುಕೊಳ್ಳಲಿ. ಯಾವ ಮಾತನ್ನು ಅವಳು ಅಂದುಕೊಳ್ಳಬಾರದು ಎಂದು ಇಷ್ಟು ದಿನ ಮನೆಯಲ್ಲಿ ಒಬ್ಬಳೇ ಕೊಳೆತೆನೋ, ಅದನ್ನೇ ಹೇಳಲು ಹೊರಟೆ. ಹೊಸ ಬಟ್ಟೆಯ ಗಂಟನ್ನು ಕೈಗೆ ಸಿಕ್ಕ ಚೀಲದೊಳಗೆ ತುರುಕಿಕೊಂಡು, ಓಣಿ ಸುತ್ತಿ ಅವರ ಬಾಗಿಲಿಗೆ ಹೋದೆ.

ಅಕ್ಕ ಟೇಬಲ್ಲಿನ ಹತ್ತಿರ ನಿಂತಿದ್ದಳು. ನೋಡಿದಳು. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

"ಅಕ್ಕಾ, ನನಗ ಕಟಿಂಗ್ ಬರವಲ್ದು" ಎಂದೆ. "ಎಷ್ಟ ಮಾಡಿದ್ರೂ ಬರವಲ್ದು. ಬಟ್ಟಿ ಎಲ್ಲಾ ಹಾಳಾಗಾಕ ಹತ್ತೇತಿ. ನೀ ಬಾ."

ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನನ್ನ ಕೈಯ ಮೇಲಿತ್ತು. ನಾನೂ ನೋಡಿಕೊಂಡೆ. ಶಿವನೇ! ತಂದಿದ್ದ ಚೀಲ ನಾನೇ ಕತ್ತರಿಸಿ ಹೊಲಿದದ್ದು, ಪ್ಯಾಟರ್ನಿನದು. ನನ್ನಂಥ ಹೆಡ್ಡಿ ಈ ಸುರೇಬಾನದಲ್ಲಿ ಹುಟ್ಟಿರಲಿಕ್ಕಿಲ್ಲ.

ಅಕ್ಕ ಚೀಲ ಇಸಿದುಕೊಂಡಳು. ಗಂಟನ್ನು ತೆಗೆದು ಪಕ್ಕಕ್ಕಿಟ್ಟು ಚೀಲವನ್ನು ಒಳಹೊರಗು ಮಾಡಿದಳು. ಹೊಲಿಗೆಯ ಗುಂಟ ಹೆಬ್ಬೆರಳು ಆಡಿಸಿದಳು. ಒಂದೊಂದು ಮೂಲೆಯಲ್ಲೂ ಬೆರಳು ನಿಂತು ಮುಂದೆ ಹೋಯಿತು. ತಳವನ್ನು ಟೇಬಲ್ಲಿನ ಮೇಲಿಟ್ಟು ಒತ್ತಿ ನೋಡಿದಳು. ಅದು ಅಲುಗಾಡಲಿಲ್ಲ. ಹಾಳಾದ್ದು, ಸ್ವಲ್ಪವಾದರೂ ಅಲುಗಾಡಬಾರದೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಇದನ್ನ ಯಾರ ಕತ್ತರಿಸಿದ್ರು?" ಎಂದಳು.

"ಯಾರೋ."

ಚೀಲವನ್ನು ಮತ್ತೆ ನೆಟ್ಟಗೆ ಮಾಡಿ ನನ್ನ ಕಡೆ ಸರಿಸಿದಳು.

"ಯಾರೋ ಏನೋ, ಭಾಳ ಕೆಟ್ಟ ಕತ್ತರಿಸ್ಯಾರ" ಎಂದಳು.

"ಹೌದಕ್ಕಾ."

"ಮೂಲಿ ನೋಡಿದ್ಯ? ಒಂದೂ ಸರಿ ಇಲ್ಲ."

"ಒಂದೂ ಇಲ್ಲಕ್ಕಾ."

"ಹಿಂಗಾದ್ರ ಆಗೂದಿಲ್ಲ. ನಾನ ಬರಬೇಕಾಕ್ಕೈತಿ" ಎಂದಳು, ಆ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನಾಳಿ ರೊಟ್ಟಿ ಮುಗಿಸಿ ಬರತೇನಿ. ಮಿಷನ್ನಿಗೆ ಎಣ್ಣಿ ಬಿಟ್ಟಿರು, ಮೊನ್ನಿಯಿಂದ ಕಿರ್ ಅನ್ನಾಕ ಹತ್ತೇತಿ."

ಹ್ಞೂಂ ಎಂದು ಮೆಟ್ಟಿಲು ಇಳಿದೆ. ಮಾತಾಡಿದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಓಣಿಗೆ ಕಾಲಿಟ್ಟಾಗ ಹಿಂದಿನಿಂದ ಕೂಗಿದಳು:

"ನಾಗೀ! ಆ ನಿನ್ನ ಕಾಗದ ಎಲ್ಲಿ ಮುಚ್ಚಿ ಇಟ್ಟೀಯವ್ವಾ? ತಗದಿಡು. ಈ ತಳ ಹೆಂಗ ಕೂಡಸ್ಯಾರ ಅಂತ ನಾನೂ ನೋಡಬೇಕು."

ರಾಮವ್ವನ ಬಾಯಿಗೆ ಬೀಗ ಹಾಕುವವರು ಯಾರು! ನಾನು ತಿರುಗಿ ನೋಡದೆ ದಾಪುಗಾಲು ಹಾಕಿ ಮನೆ ಸೇರಿದೆ. ಬಾಗಿಲು ಹಾಕಿಕೊಂಡು ನಕ್ಕೆ, ಅತ್ತೆ, ಮತ್ತೆ ನಕ್ಕೆ. ನನ್ನ ಕೆಲಸವನ್ನು ಯಾರಾದರೂ ಕೆಟ್ಟದ್ದು ಎಂದರೆ ನನಗೆ ಇಷ್ಟು ಖುಷಿಯಾಗುತ್ತದೆ ಎಂದು ಗೊತ್ತಿರಲಿಲ್ಲ.